ಎಲೆ ತೆರೆಯುವ ಸರದಿ

ನಾನು ಕ್ಯಾಸಿನೊಗಳಿಗೆ ಇಸ್ಪೀಟಾಟ ಮಾಡಿಕೊಡುವವಳು. ಹಾಗೆಂದ ಕೂಡಲೇ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಜಿಲೇಬಿ ಅಗಿಯುವುದನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ‘ಅಂದ್ರ ಜೂಜಾಟದ್ದೇನ್ರಿ?’ ‘ಅಲ್ರಿ, ಲೆಕ್ಕದ್ದು’ ಅನ್ನುತ್ತಿದ್ದೆ. ಹನ್ನೊಂದು ವರ್ಷ ಅದನ್ನೇ ಅಂದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಪುಣೆಯ ಕಾಲೇಜೊಂದರಲ್ಲಿ ವರ್ಷ ವರ್ಷವೂ ತಾತ್ಕಾಲಿಕ ಪಾಠ ಹೇಳಿ ಬೇಸತ್ತು ಈ ಕಚೇರಿ ಸೇರಿದವಳು ನಾನು. ಯಾವ ಜೋಡಿ ಎಷ್ಟು ಸಲ ಬೀಳುತ್ತದೆ, ಆಡಿಸುವವರ ಪಾಲು ಎಷ್ಟಿರಬೇಕು ಎಂದು ಕೂತು ಲೆಕ್ಕ ಹಾಕುವುದು ನನ್ನ ಕೆಲಸ. ಆ ಪಾಲು ಇಷ್ಟೇ ಎಂದು ಆಟದ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿರಬೇಕು ಎಂದು ಹಟ ಹಿಡಿದು ಜಗಳಾಡಿ ಗೆದ್ದವಳೂ ನಾನೇ. ಲೆಕ್ಕ ಸರಿಯಿದ್ದರೆ ನನ್ನ ಕೈ ಶುದ್ಧ ಎಂದು ನಂಬಿದ್ದೆ. ಎಂಥ ಪೆದ್ದಿ ನಾನು! ಈಗ ನೆನೆದರೂ ಮೈಯೆಲ್ಲ ಉರಿಯುತ್ತದೆ.

ಆ ಆಟ ಪೂರ್ತಿ ನನ್ನದು. ನಾಲ್ಕು ಕೈಗೆ ಮೂರು ಮೂರು ಎಲೆ ಹಂಚುತ್ತಾರೆ. ನಾಲ್ಕರಲ್ಲಿ ಒಂದೂ ನಿಮ್ಮದಲ್ಲ, ನೀವು ಬರಿ ನೋಡುವವರು. ಪ್ರತಿ ಕೈಯ ಎರಡೆರಡು ಎಲೆ ತೆರೆದು ತೋರಿಸುತ್ತಾರೆ. ಯಾವ ಕೈ ಗೆಲ್ಲಬಹುದು ಎಂದು ಯೋಚಿಸಿ ನೀವು ಬಾಜಿ ಕಟ್ಟುತ್ತೀರಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಆಮೇಲೆ ನಾಲ್ಕೂ ಕೈಯ ಮೂರನೆಯ ಎಲೆ ಎಡದಿಂದ ಬಲಕ್ಕೆ ಒಂದೊಂದಾಗಿ ತೆರೆಯುತ್ತದೆ. ದೊಡ್ಡ ಜೋಡಿ ಯಾವ ಕೈಗೆ ಬಿತ್ತೋ ಆ ಕೈ ಗೆದ್ದಿತು. ಇಷ್ಟೇ. ಇದಕ್ಕೆ ನಾನು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆ.

ಆಟವನ್ನು ಮೊದಲು ಆಡಿದ್ದು ಪುಣೆಯ ಕೋಥರೂಡದ ನಮ್ಮ ಮನೆಯ ಊಟದ ಮೇಜಿನ ಮೇಲೆ, ನಾನು ಮತ್ತು ನನ್ನ ಅತ್ತೆ. ಬಾಜಿಗೆ ಹುಣಸೆ ಬೀಜ. ಅತ್ತೆ ವಿಜಯಪುರದ ಕಡೆಯವರು, ಎಪ್ಪತ್ತು ದಾಟಿದವರು. ಮಾತಿಗೆ ಮಾತು ಕೊಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನಿನ್ನೂ ಕಂಡಿಲ್ಲ. ಆಟದ ಕ್ರಮ ವಿವರಿಸಿದಾಗ ಕನ್ನಡಕದ ಮೇಲಿಂದ ನೋಡಿದರು.

‘ಕೈಯಾಗ ಎಲಿ ಹಿಡೀದ ಎಂಥಾ ಇಸ್ಪೀಟವಾ ಇದು? ಮಂದಿ ಮನಿ ಜಗಳಾ ನೋಡ್ಕೋತ ನಿಂತಂಗಾತು.’

‘ಅದನ್ನ ನೋಡಾಕ ಯಾರಿಗೆ ಬ್ಯಾಸರ ಅದ ಹೇಳ್ರಿ ಅತ್ತಿ?’

‘ಅದೂ ಖರೇನ. ಹಾಕು, ಹಾಕು.’

ನಾಲ್ಕು ದಿನದಲ್ಲಿ ಎಲೆ ಹಂಚುವ ಕೆಲಸವನ್ನು ಅವರೇ ಕಸಿದುಕೊಂಡರು. ಕಸಿದುಕೊಂಡದ್ದಷ್ಟೇ ಅಲ್ಲ, ಚೇಷ್ಟೆಯನ್ನೂ ಶುರು ಮಾಡಿದರು. ನಾನು ಬೀಜ ಇಟ್ಟಾದ ಮೇಲೆ ಮುಚ್ಚಿದ ನಾಲ್ಕೂ ಎಲೆಗಳನ್ನು ತಾವೊಬ್ಬರೇ ಇಣುಕಿ ನೋಡುವುದು. ನನ್ನನ್ನು ಸೋಲಿಸುವ ಎಲೆ ಯಾವುದೋ ಅದೊಂದನ್ನು ಹಿಂದಿಟ್ಟು ಉಳಿದ ಮೂರನ್ನು ಮೊದಲು ತೆರೆಯುವುದು. ಒಂದು ಸಲ ನಾನು ಬೀಜ ಇಟ್ಟ ಕೈಯಲ್ಲಿ ರಾಣಿ ಜೋಡಿ ಇತ್ತು. ‘ಗೆದ್ದಿ ನೋಡು… ಗೆದ್ದಿ… ಗೆದ್ದಽ ಬಿಟ್ಟೀಯವಾ…’ ಎನ್ನುತ್ತ ಕೊನೆಯ ಎಲೆಯನ್ನು ಹೆಬ್ಬೆರಳಿನಿಂದ ಅಷ್ಟಷ್ಟೇ ಎತ್ತಿದರು. ‘ಅಯ್ಯಽ, ಎಲ್ಲಿಂದ ಬಂದ್ನವಾ ಈ ರಾಜಾ!’ ಎದುರಿನ ಕೈಗೆ ರಾಜನ ಜೋಡಿ ಬಿದ್ದಿತ್ತು. ತೊಡೆ ತಟ್ಟಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ‘ಇದು ಮೋಸರಿ, ಇನ್ನೊಂದ ಸಲ ಹಾಕ್ರಿ’ ಎಂದು ನಾನೂ ನಗುತ್ತಲೇ ರೇಗಿದೆ. ಹಾಗೆ ಇನ್ನೊಂದು ಸಲ ಎನ್ನುತ್ತ ಎಷ್ಟು ಸಲ ಆಡಿದೆವೋ, ಒಲೆಯ ಮೇಲಿನ ಪಲ್ಯ ತಳ ಹತ್ತಿತು.

ಅದೇ ವಾರ ಕಚೇರಿಯಲ್ಲಿ ನಮ್ಮ ಮುಖ್ಯಸ್ಥ ನನ್ನನ್ನು ಕರೆದ. ಮೈಸೂರಿನ ಕಡೆಯ ಹುಡುಗ, ನನಗಿಂತ ಹದಿನೈದು ವರ್ಷ ಚಿಕ್ಕವನು. ನಾವಿಬ್ಬರೇ ಇದ್ದಾಗ ಕನ್ನಡದಲ್ಲಿ ಮಾತಾಡುತ್ತಾನೆ, ಅದೊಂದು ಅವನ ಪುಣ್ಯ.

‘ಮೇಡಂ, ಗೇಮ್ ಸೂಪರ್. ಆದ್ರೆ ಲಾಸ್ಟ್ ರೌಂಡ್ ಸ್ವಲ್ಪ ಡಲ್ ಹೊಡೀತಿದೆ. ಫಸ್ಟ್ ಕಾರ್ಡ್‌ನಲ್ಲೇ ಸೋತೆ ಅಂತ ಗೊತ್ತಾದ್ರೆ ಜನ ಎದ್ದು ಹೋಗ್ತಾರೆ. ಏನಾದ್ರೂ ಮಾಡಿ.’

ಮಾಡಿದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಖುಷಿಯಿಂದ, ಒಂದೇ ಮಧ್ಯಾಹ್ನದಲ್ಲಿ ಎರಡು ಪುಟ ಬರೆದುಕೊಟ್ಟೆ. ನಮ್ಮ ಆಟ ಪರದೆಯ ಮೇಲೆ ನಡೆಯುವಂಥದ್ದು. ಹಂಚಿದ ಎಲ್ಲ ಎಲೆಯೂ ಯಂತ್ರಕ್ಕೆ ಗೊತ್ತು, ನೀವು ಯಾವ ಕೈಗೆ ಬಾಜಿ ಕಟ್ಟಿದ್ದೀರಿ ಎಂದೂ ಗೊತ್ತು. ಎಡದಿಂದ ಬಲಕ್ಕೆ ತೆರೆಯುವ ಬದಲು, ನಿಮ್ಮನ್ನು ಸೋಲಿಸುವ ಎಲೆಯನ್ನು ಅದು ಯಾವಾಗಲೂ ಕೊನೆಗೆ ತೆರೆದರೆ ಆಯಿತು. ಎಲೆ ಬದಲಾಗುವುದಿಲ್ಲ. ಗೆಲ್ಲಬೇಕಾದವನು ಗೆದ್ದೇ ಗೆಲ್ಲುತ್ತಾನೆ, ಸೋಲಬೇಕಾದವನು ಸೋಲುತ್ತಾನೆ, ಆದರೆ ಗೆದ್ದೇ ಬಿಟ್ಟೆ ಅನ್ನಿಸಿಕೊಂಡು ಸೋಲುತ್ತಾನೆ. ನನ್ನ ಲೆಕ್ಕದಲ್ಲಿ ಒಂದು ಅಂಕಿಯನ್ನೂ ತಿದ್ದಬೇಕಾಗಿರಲಿಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ, ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ.

ಹೊಸ ಆಟವನ್ನು ಮನೆಯವರ ಫೋನಿಗೆ ಹಾಕಿ ಆಡಿಸಿ ನೋಡುವುದು ನಮ್ಮ ಕಚೇರಿಯ ವಾಡಿಕೆ. ದುಡ್ಡಿನ ಮಾತಿಲ್ಲ, ಬರೀ ಅಂಕ. ಹಳೆಯ ಸರದಿಯ ಆಟ ಅತ್ತೆಯ ಫೋನಿನಲ್ಲಿ ಮೊದಲೇ ಇತ್ತು. ಹತ್ತು ನಿಮಿಷ ಆಡಿ ‘ಸಾಕವಾ, ಕಣ್ಣ ನೋಯ್ತಾವ’ ಎಂದು ಬದಿಗಿಡುತ್ತಿದ್ದರು. ಒಂದು ಭಾನುವಾರ ಅದನ್ನು ತೆಗೆದು ಹೊಸದನ್ನು ಹಾಕಿದೆ. ಅವರಿಗೆ ಹೇಳಲಿಲ್ಲ. ಹೇಳಿದರೆ ಪರೀಕ್ಷೆ ಕೆಡುತ್ತದೆ ಎಂದು ನಮ್ಮ ಶಾಸ್ತ್ರ.

ಮರುದಿನ ಸೋಮವತಿ ಅಮಾವಾಸ್ಯೆ. ಅತ್ತೆಯ ಮನೆದೇವರು ಮೈಲಾರಲಿಂಗ, ಅವನನ್ನು ಇಲ್ಲಿಯ ಜನ ಖಂಡೋಬಾ ಎನ್ನುತ್ತಾರೆ. ಮೊಣಕಾಲು ನೋವಿನಿಂದ ಎರಡು ವರ್ಷ ಅವನ ಗುಡಿಯಿರುವ ಜೇಜುರಿ ಬೆಟ್ಟದ ಮೆಟ್ಟಿಲು ಹತ್ತಿರಲಿಲ್ಲ. ಈ ಸಲ ನಮ್ಮ ಸೊಸೈಟಿಯ ಹೆಂಗಸರು ಟೆಂಪೋ ಮಾಡಿಕೊಂಡು ಹೊರಟಿದ್ದರು. ಅತ್ತೆ ತಿಂಗಳುಗಟ್ಟಲೆ ಮೊಣಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ತಯಾರಾಗಿದ್ದರು. ಐದಕ್ಕೇ ಸ್ನಾನ ಮುಗಿಸಿ, ಇಳಕಲ್ ಸೀರೆ ಉಟ್ಟು, ಭಂಡಾರದ ಅರಿಶಿನ ಮತ್ತು ಒಣಕೊಬ್ಬರಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಾಲ್‌ನಲ್ಲಿ ಕೂತರು. ಟೆಂಪೋ ಬರುವುದು ಆರೂವರೆಗೆ. ನನ್ನ ಗಂಡನಿಗೆ ಸೋಲಾಪುರದಲ್ಲಿ ಕೆಲಸ, ಅವರನ್ನು ಸ್ಟೇಷನ್ನಿಗೆ ಬಿಡಲು ಆರಕ್ಕೆ ಸ್ಕೂಟರಿನಲ್ಲಿ ಹೊರಡಬೇಕಿತ್ತು. ಹೊರಡುವಾಗ ಅತ್ತೆಗೆ ಚಹಾ ಕೊಟ್ಟು, ಫೋನನ್ನೂ ಕೈಗೆ ಕೊಟ್ಟೆ. ‘ಗಾಡಿ ಬರೂತನಕ ಹೊತ್ತು ಹೋಗತದ, ತಗೋರಿ’ ಎಂದವಳು ನಾನೇ.

ರೈಲು ತಡವಾಗಿ, ಟ್ರಾಫಿಕ್ಕಿನಲ್ಲಿ ಸಿಕ್ಕು, ನಾನು ಮನೆಗೆ ಬಂದಾಗ ಎಂಟೂವರೆ. ಬಾಗಿಲು ತೆರೆದರೆ ಅತ್ತೆ ಅದೇ ಕುರ್ಚಿಯಲ್ಲಿ, ತೊಡೆಯ ಮೇಲೆ ಅದೇ ಚೀಲ. ಚಹಾ ಕೆನೆಗಟ್ಟಿತ್ತು.

‘ಅತ್ತೀ! ಜೇಜುರಿಗೆ ಹೋಗಲಿಲ್ಲೇನ್ರಿ?’

‘ಗಾಡಿ ಇನ್ನಾ ಬಂದಿಲ್ಲವಾ’ ಎಂದರು, ಪರದೆಯಿಂದ ಕಣ್ಣು ಎತ್ತದೆ.

‘ಎಂಟೂವರಿ ಆತ್ರಿ!’

ಆಗ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು. ಆ ಮುಖವನ್ನು ನಾನು ಸಾಯುವ ತನಕ ಮರೆಯಲಾರೆ. ಕೆಳಮನೆಯಾಕೆಗೆ ಫೋನು ಹಚ್ಚಿದೆ. ಟೆಂಪೋ ಆಗಲೇ ಜೇಜುರಿ ದಾರಿಯ ಸಾಸವಡ ದಾಟಿತ್ತು. ‘ಅಹೋ, ಕಿತೀ ಫೋನ್ ಕೇಲೇ!’ ಎಂದು ಆಕೆ ಮರಾಠಿಯಲ್ಲಿ ನನ್ನ ಮೇಲೆಯೇ ಹರಿಹಾಯ್ದಳು. ಎಷ್ಟು ಸಲ ಫೋನು ಮಾಡಿದರೂ ಆಜಿ ಕಟ್ ಮಾಡಿದರಂತೆ. ಹಾರ್ನ್ ಹೊಡೆದರಂತೆ, ಒಬ್ಬಳು ಮೇಲೆ ಬಂದು ಬೆಲ್ ಒತ್ತಿದರೆ ‘ಆಲೇ, ಆಲೇ’, ಬಂದೆ ಬಂದೆ ಎಂದು ಒಳಗಿಂದ ಕೂಗಿದರಂತೆ, ಬರಲಿಲ್ಲವಂತೆ. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡು ಹೊರಟುಬಿಟ್ಟರು. ಅತ್ತೆಯ ಫೋನು ತೆಗೆದು ನೋಡಿದೆ. ಹನ್ನೊಂದು ಕರೆ ಬಂದಿದ್ದವು. ಆಟದ ಮೇಲೆ ಬಂದು ಎಲೆ ಮುಚ್ಚುತ್ತವೆ ಎಂದು ಹನ್ನೊಂದನ್ನೂ ಅವರೇ ಕತ್ತರಿಸಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ‘ನಿಮಗ ಬುದ್ಧಿ ಎಲ್ಲಿಗೆ ಹೋಗಿತ್ರಿ? ಸಣ್ಣ ಹುಡುಗರಂಗ ಫೋನ್ ಹಿಡ್ಕೊಂಡ ಕುಂತೀರಲ್ಲ! ಎರಡ ವರ್ಷ ದೇವರು, ದೇವರು ಅಂತ ನನ್ನ ಜೀವಾ ತಿಂದಿರಿ!’ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮಾತಿಗೆ ಮಾತು ಕೊಡುವ ಹೆಂಗಸು ಸುಮ್ಮನೆ ಕೂತು ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು.

‘ಒಂದಽ ಎಲಿವಾ’ ಎಂದರು ಕೊನೆಗೆ. ‘ಪ್ರತಿ ಸಲ ಒಂದಽ ಎಲಿಗೆ ತಪ್ಪತದ. ಇನ್ನೊಂದ ಆಡಿದ್ರ ಬಂದಽ ಬಿಡತದ ಅನಸ್ತು. ನನ್ನ ನಸೀಬಽ ಇಷ್ಟು.’

ನಸೀಬು! ನನ್ನ ಎರಡು ಪುಟವನ್ನು ಆಕೆ ನಸೀಬು ಅನ್ನುತ್ತಿದ್ದಾರೆ! ನಾನು ಎದುರಿಗೆ ಕೂತೆ. ಎಲ್ಲ ಹೇಳಿದೆ. ನಸೀಬಲ್ಲರಿ ಅತ್ತಿ, ನೀವು ಮೇಜಿನ ಮೇಲೆ ಮಾಡುತ್ತಿದ್ದುದನ್ನೇ ನಾನು ಯಂತ್ರಕ್ಕೆ ಕಲಿಸಿದೆ, ಅದು ಬೇಕೆಂದೇ ಆ ಎಲೆಯನ್ನು ಕೊನೆಗೆ ಇಡುತ್ತದೆ ಎಂದೆ.

‘ನಾ ನಿನ್ನ ನಗಸಾಕ ಮಾಡತಿದ್ದೆ’ ಎಂದರು. ‘ಅದು ಯಾರನ್ನ ನಗಸಾಕ ಮಾಡತದವಾ?’

ಎದ್ದು ಒಳಗೆ ಹೋಗಿ ಸೀರೆ ಬಿಚ್ಚಿ ಮನೆಯ ಸೀರೆ ಉಟ್ಟರು. ಆ ದಿನ ಊಟ ಮಾಡಲಿಲ್ಲ.

ನಾನು ಸೀದಾ ಕಚೇರಿಗೆ ಹೋಗಿ ಮುಖ್ಯಸ್ಥನ ಮೇಜಿನ ಮುಂದೆ ನಿಂತೆ. ಆ ಸರದಿಯನ್ನು ತೆಗೆಯಿರಿ, ಎಡದಿಂದ ಬಲಕ್ಕೆ ತೆರೆಯಲಿ, ಇಲ್ಲದಿದ್ದರೆ ಈ ಆಟ ಹೊರಗೆ ಹೋಗಬಾರದು ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಗಾಜಿನ ಆಚೆ ಕೂತವರು ತಿರುಗಿ ನೋಡಿದರು.

‘ಕಾರ್ಡ್ ಏನಾದ್ರೂ ಚೇಂಜ್ ಆಗ್ತಿದ್ಯಾ ಮೇಡಂ?’

‘ಇಲ್ಲ.’

‘ನಿಮ್ಮ ಮ್ಯಾಥ್ಸ್ ಕರೆಕ್ಟ್ ಆಗಿದೆ ತಾನೆ?’

‘ಆಗಿದೆ.’

‘ಮತ್ತೆ ಪ್ರಾಬ್ಲಮ್ ಏನು? ಐಡಿಯಾನೂ ನಿಮ್ದೇ ಅಲ್ವಾ?’

ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಕೈ ಏಳಲಿಲ್ಲ, ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಗುರುವಾರ ಗಿರಾಕಿಗಳು ಬರುತ್ತಾರಲ್ಲ, ಅವರೆದುರಿಗೇ ಹೇಳುತ್ತೇನೆ, ಆಮೇಲೆ ಯಾರು ಕೊಳ್ಳುತ್ತಾರೋ ನೋಡುತ್ತೇನೆ ಎಂದೆ. ಅವನು ಹೆದರುತ್ತಾನೆ ಎಂದುಕೊಂಡಿದ್ದೆ. ‘ಹೇಳಿ ಮೇಡಂ, ಆರಾಮಾಗಿ ಹೇಳಿ’ ಎಂದು ನಕ್ಕ. ಆ ನಗುವಿನ ಅರ್ಥ ನನಗೆ ಆಗ ಆಗಲಿಲ್ಲ.

ಗುರುವಾರ ಹೊರದೇಶದ ಕ್ಯಾಸಿನೊದಿಂದ ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಮರ್ಯಾದಸ್ಥರು, ಮೆಲುದನಿಯವರು. ಆಟ ತೋರಿಸಿದ್ದಾಯಿತು. ಆಮೇಲೆ ನಾನು ಎದ್ದು ನಿಂತು, ನಿಮಗೆ ಒಂದು ಸಂಗತಿ ಗೊತ್ತಿರಬೇಕು ಎಂದು ಶುರು ಮಾಡಿದೆ. ಮೂರು ರಾತ್ರಿ ನಿದ್ದೆಗೆಟ್ಟು ಜೋಡಿಸಿಕೊಂಡ ಮಾತು. ಎಲೆ ತೆರೆಯುವ ಸರದಿ ಹೇಗೆ ಕೆಲಸ ಮಾಡುತ್ತದೆ, ಸೋತವನಿಗೆ ಪ್ರತಿ ಸಲವೂ ಗೆದ್ದೇ ಬಿಟ್ಟಿದ್ದೆ ಎಂದು ಹೇಗೆ ಅನ್ನಿಸುತ್ತದೆ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅತ್ತೆಯ ವಿಷಯವನ್ನೂ ಬಿಡಲಿಲ್ಲ. ಎಪ್ಪತ್ತು ದಾಟಿದ ಹೆಣ್ಣುಮಗಳು, ಎರಡು ವರ್ಷ ಕಾದ ದೇವರನ್ನು ಬಿಟ್ಟು, ಹನ್ನೊಂದು ಫೋನು ಕತ್ತರಿಸಿ, ಉಟ್ಟ ಸೀರೆಯಲ್ಲಿ ಹಾಗೇ ಕೂತುಬಿಟ್ಟರು ಎಂದೆ. ನಾಚಿಕೆಯಾಗಬೇಕು ನಮಗೆ ಎಂದು ಮುಗಿಸಿದೆ.

ಆ ಹೆಂಗಸು ಪಕ್ಕದವನ ಮುಖ ನೋಡಿದಳು. ಅಬ್ಬಾ, ನಾಟಿತು ಎಂದುಕೊಂಡೆ. ಆತ ಪೆನ್ನಿನ ಮುಚ್ಚಳ ತೆಗೆದು, ಬಹಳ ಗೌರವದಿಂದ ನನ್ನ ಕಡೆ ತಿರುಗಿದ. ಆಟದಲ್ಲಿ ದುಡ್ಡು ಇತ್ತೇ ಎಂದು ಕೇಳಿದ. ಇಲ್ಲ, ಬರೀ ಅಂಕ ಎಂದೆ. ದುಡ್ಡಿಲ್ಲದೆಯೇ ಎಂದು ಅವಳಿಗೆ ಮೆಲ್ಲಗೆ ಹೇಳಿ, ಆ ಹಿರಿಯರು ಒಟ್ಟು ಎಷ್ಟು ಹೊತ್ತು ಏಳದೆ ಕೂತಿದ್ದರು ಎಂದು ಕೇಳಿದ.

‘ಎರಡೂವರೆ ಗಂಟೆ’ ಎಂದೆ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಮೊದಲಿನ ಅರ್ಧ ಗಂಟೆ ಅವರು ಹೇಗೂ ಟೆಂಪೋಗಾಗಿ ಕಾಯುತ್ತಿದ್ದರು, ಅದನ್ನು ಸೇರಿಸಿದರೆ ತಪ್ಪಾಗುತ್ತದೆ, ಕಳೆದು ಎರಡು ಗಂಟೆ ಎಂದು ಹಿಡಿಯಿರಿ ಎಂದು ತಿದ್ದಿದೆ. ಆತ ಥ್ಯಾಂಕ್ಸ್ ಎಂದು, ಎರಡು ಎಂದು ಬರೆದುಕೊಂಡ.