ತಾತ ತಿದ್ದಿದ ಬೇಡಿಕೆ ಪತ್ರ

ನಮ್ಮ ತಾತ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು ಎನ್ನುತ್ತಾರೆ. ಆದರೆ ಅವರು ಅಲ್ಲಿ ಕುರ್ಚಿಯ ಮೇಲೆ ಕೂತಿದ್ದನ್ನು ಕಂಡವರು ಯಾರೂ ಇಲ್ಲ. ಮೂವತ್ತು ವರ್ಷ ಅವರು ಚಾಮರಾಜಪೇಟೆಯ ಶಾಖೆಯ ಗೇಟಿನ ಮುಂದೆ ನಿಂತು ಯೂನಿಯನ್ ಪರವಾಗಿ ಘೋಷಣೆ ಕೂಗಿದರು. ಆ ಗಂಟಲಿಗೆ ಹೆದರಿ ಎದುರಿನ ಮರದ ಕಾಗೆಗಳು ಸಂಸಾರ ಸಮೇತ ಬಸವನಗುಡಿಗೆ ಮನೆ ಬದಲಾಯಿಸಿದವು ಎಂದು ನಾನು ಕಾಲೇಜಿನಲ್ಲಿ ಹೇಳಿಕೊಂಡು ತಿರುಗುತ್ತೇನೆ. ನಿವೃತ್ತರಾಗಿ ಮಲ್ಲೇಶ್ವರದ ಮನೆಯಲ್ಲಿ ಕೂತ ಮೇಲೂ ಅವರು ಎರಡನೇ ಕಾಫಿ ಕೇಳುವುದಿಲ್ಲ, ಬೇಡಿಕೆ ಮಂಡಿಸುತ್ತಾರೆ. ಆಡಳಿತ ಮಂಡಳಿ, ಅಂದರೆ ಅಜ್ಜಿ, ಚರ್ಚೆಯಿಲ್ಲದೆ ತಿರಸ್ಕರಿಸುತ್ತದೆ.

ಹೋದ ವರ್ಷ ಒಂದು ಬುಧವಾರ ಬೆಳಿಗ್ಗೆ, ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕ ಒಂದು ಕಾಗದವನ್ನು ತಾತನ ಕಾಫಿ ಲೋಟದ ಪಕ್ಕ ಇಟ್ಟು, ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಗುಡಿಸತೊಡಗಿದರು. ಅಕ್ಕ ದಿನಾ ಓಕಳಿಪುರದಿಂದ ನಡೆದು ಬಂದು ನಮ್ಮ ಕ್ರಾಸಿನ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ದಿನಾ ಅಂದರೆ ದಿನಾ. ಕಾಗದದಲ್ಲಿ ಒಂದೇ ಸಾಲಿತ್ತು: ಈ ಕ್ರಾಸಿನಲ್ಲಿ ಮನೆಕೆಲಸ ಮಾಡುವ ನಮಗೆಲ್ಲ ದಯವಿಟ್ಟು ಭಾನುವಾರ ರಜಾ ಕೊಡಬೇಕೆಂದು ಬೇಡಿಕೊಳ್ಳುತ್ತೇವೆ. ಕೆಳಗೆ ಐದು ಜನರ ಸಹಿ.

ಓದುತ್ತಾ ಓದುತ್ತಾ ತಾತನ ಮುಖ ಕೆಂಪಾಯಿತು. ಅಕ್ಕನ ಪೊರಕೆ ನಿಂತಿತು. ನಾನು ಕೂಡ ಇಡ್ಲಿ ನುಂಗುವುದನ್ನು ನಿಲ್ಲಿಸಿದೆ. ಇದು ನನ್ನ ಜೀವನದಲ್ಲಿ ಎರಡನೇ ಸಲ.

"ಏನಮ್ಮಾ ಇದು," ಎಂದರು ತಾತ. "ಬೇಡ್ಕೊಳೋಕೆ ಇದೇನು ದೇವಸ್ಥಾನಾನಾ? ಇಷ್ಟು ಮೆತ್ತಗೆ ಬರೆದ್ರೆ ಯಾವ ಮ್ಯಾನೇಜ್‌ಮೆಂಟ್ ಹೆದರುತ್ತೆ?"

ಬೀರುವಿನಿಂದ ಕೆಂಪು ಪೆನ್ನು ಬಂತು. ದಯವಿಟ್ಟು ಹೋಯಿತು. ಏಳು ದಿನದೊಳಗೆ ಉತ್ತರ ಕೊಡಬೇಕು ಎಂದು ಸೇರಿತು. ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿ ಗುಂಪು ಒಡೆಯಬಾರದು, ಐವರೊಂದಿಗೂ ಒಟ್ಟಿಗೇ ಮಾತಾಡಬೇಕು ಎಂದು ಸೇರಿತು. ತಾತ ಹತ್ತು ವರ್ಷ ಚಿಕ್ಕವರಾದರು. ಆಗ ಅಕ್ಕ ಮೆಲ್ಲಗೆ ಇನ್ನೊಂದು ಮಾತು ಹೇಳಿದರು: "ಸಾರ್, ರಜಾ ಕೊಟ್ರೂ ಸೋಮವಾರ ಎರಡು ದಿನದ ಪಾತ್ರೆ ಗುಡ್ಡೆ ಬಿದ್ದಿರುತ್ತೆ. ಆಮೇಲೆ ರಜಾ ಏನ್ ಬಂತು?"

ಇಂಥ ಸೂಕ್ಷ್ಮ ತಮ್ಮ ಯೂನಿಯನ್ನಿನಲ್ಲಿ ಒಬ್ಬನಿಗೂ ಇರಲಿಲ್ಲವೆಂದು ತಾತ ಮೆಚ್ಚಿ, ಭಾನುವಾರದ ಪಾತ್ರೆಯನ್ನು ಸೋಮವಾರಕ್ಕೆ ಉಳಿಸತಕ್ಕದ್ದಲ್ಲ ಎಂದು ಬರೆದು ಎರಡು ಗೆರೆ ಎಳೆದರು.

ಅಡುಗೆಮನೆಯಿಂದ ಅಜ್ಜಿಯ ಧ್ವನಿ ಬಂತು. "ಬರ್ದಿದ್ದಾಯ್ತಾ? ಈಗ ಆ ಪತ್ರ ಅವಳು ಯಾರಿಗೆ ಕೊಡ್ಬೇಕು ಅಂತ ಸ್ವಲ್ಪ ಯೋಚ್ನೆ ಮಾಡಿ."

ತಾತ ಪೆನ್ನಿನ ಮುಚ್ಚಳ ಹಾಕಿದರು. ಅಷ್ಟು ನಿಧಾನವಾಗಿ ಯಾರೂ ಪೆನ್ನು ಮುಚ್ಚಿದ್ದನ್ನು ನಾನು ನೋಡಿಲ್ಲ.

ಶನಿವಾರ ಮಧ್ಯಾಹ್ನ ನಮ್ಮ ಹಾಲಿನಲ್ಲೇ ಮಾತುಕತೆ. ಒಂದು ಕಡೆ ಕ್ರಾಸಿನ ಮನೆಗಳ ಯಜಮಾನಿಯರು, ಇನ್ನೊಂದು ಕಡೆ ಕೆಲಸದ ಐವರು. ಎಲ್ಲರಿಗೂ ಕುರ್ಚಿಯೇ ಆಗಬೇಕೆಂದು ತಾತ ಹಟ ಹಿಡಿದದ್ದರಿಂದ ನಾನು ಅಕ್ಕಪಕ್ಕದ ಮನೆಗಳಿಂದ ಕುರ್ಚಿ ಹೊತ್ತೆ. ನನ್ನ ಅಂದಾಜಿನಲ್ಲಿ ನಾಲ್ಕುನೂರು. ತಾತ ಮೂವತ್ತು ವರ್ಷದ ಅಭ್ಯಾಸಬಲದಿಂದ ಸೀದಾ ಹೋಗಿ ಕೆಲಸದವರ ಸಾಲಿನಲ್ಲಿ ಕೂತರು. ಅಜ್ಜಿ ಎದುರು ಸಾಲಿನ ನಡುವೆ ಕೂತರು. ಇದರಲ್ಲಿ ವಿಶೇಷವೇನಿದೆ ಎಂದು ಯಾರಿಗೂ ಅನ್ನಿಸಲಿಲ್ಲ.

ಮೂಲೆಮನೆ ಆಂಟಿ ಶುರು ಮಾಡಿದರು. ಭಾನುವಾರವೇ ನೆಂಟರು ಬರುವುದು, ಬೇಕಾದರೆ ಮಂಗಳವಾರ ತಗೊಳ್ಳಲಿ ಎಂದರು. ಉಳಿದ ಯಜಮಾನಿಯರು ತಲೆಯಾಡಿಸಿದರು.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅಮ್ಮಾ, ನನ್ ಮಗಳು ನರ್ಸಿಂಗ್ ಓದ್ತಾವ್ಳೆ. ಹಾಸ್ಟೆಲ್‌ನವರು ಗೇಟ್ ತೆಗ್ಯೋದು ಭಾನುವಾರ ಮಾತ್ರ. ಹಬ್ಬಕ್ಕೆ ಬಂದೋಳು ಮತ್ತೆ ಸಿಕ್ಕಿಲ್ಲ. ಮಂಗಳವಾರ ಹೋದ್ರೆ ನಾನು ಗೇಟ್ ನೋಡ್ಕೊಂಡು ಬರ್ಬೇಕು."

ಆಂಟಿ ಸೋಲಲಿಲ್ಲ. ಇದೆಲ್ಲ ಯಾವ ಕಾನೂನಿನಲ್ಲಿದೆ ಎಂದು ಕೇಳಿದರು. ತಾತನ ಮುಂದೆ ಕೇಳಬಾರದ ಪ್ರಶ್ನೆ. ಬ್ಯಾಂಕಿನವರಿಗೆ ಕಾನೂನಿದೆ, ಫ್ಯಾಕ್ಟರಿಯವರಿಗಿದೆ, ಮನೆಕೆಲಸದವರಿಗೆ ಮಾತ್ರ ಬರುತ್ತೆ ಬರುತ್ತೆ ಎಂದು ಪೇಪರಿನಲ್ಲೇ ಬರುತ್ತಿದೆ ಎಂದು ಅವರು ಆರಂಭಿಸಿ, ಕೊನೆಯಾಗುವಷ್ಟರಲ್ಲಿ ನನ್ನ ಗಡ್ಡ ಎರಡು ಮಿಲಿಮೀಟರ್ ಬೆಳೆದಿತ್ತು. "ಕಾನೂನು ಬರೋವರ್ಗೂ ಒಪ್ಪಂದಾನೇ ಕಾನೂನು," ಎಂದು ಮುಗಿಸಿದರು. "ಎಲ್ರೂ ಕೂತು ಮಾತಾಡಿ ಸೈನ್ ಹಾಕಿದ್ಮೇಲೆ ಅಪೀಲಿಲ್ಲ. ಯಾರಿಗೂ."

"ಯಾರಿಗೂ ಇಲ್ಲ ತಾನೆ?" ಎಂದರು ಅಜ್ಜಿ.

"ಯಾರಿಗೂ."

"ಹಾಗಾದ್ರೆ ನಂದೊಂದು ತಿದ್ದುಪಡಿ. ಭಾನುವಾರದ ಪಾತ್ರೆ ಸೋಮವಾರಕ್ಕೆ ಉಳೀಬಾರ್ದು ಅಂತ ನೀವೇ ಬರ್ದಿದೀರ. ಯಾರು ತೊಳೀಬೇಕು ಅಂತ ಬರ್ದಿಲ್ಲ. ಆಯಾ ಮನೆ ಗಂಡಸರು ಅಂತ ಸೇರ್ಸಿ."

ಅರ್ಧ ಗಂಟೆಯಿಂದ ಜಗ್ಗದ ಆಡಳಿತ ಪಕ್ಷ ಅರ್ಧ ನಿಮಿಷದಲ್ಲಿ ಕರಗಿಹೋಯಿತು. ಮೂಲೆಮನೆ ಆಂಟಿ ತಿದ್ದುಪಡಿ ಬರೆಯುತ್ತಿದ್ದ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಮೊದಲ ಸಹಿ ಹಾಕಿದರು; ನೆಂಟರ ಸುದ್ದಿಯೇ ಇಲ್ಲ. ನಾನಿನ್ನೂ ಹುಡುಗ ಎಂದು ಆಕ್ಷೇಪಣೆ ಸಲ್ಲಿಸಿದೆ. ಮೇಲ್ದುಟಿಯ ಮೇಲೆ ಏಳು ಕೂದಲು ಬಂದ ದಿನದಿಂದ ಈ ಮನೆಯಲ್ಲಿ ನಾನೂ ಗಂಡಸು, ಬೈಕ್ ಕೊಡಿಸಿ ಎಂದು ಯಾರು ಕಿರುಚುತ್ತಿದ್ದರು ಎಂದು ಅಜ್ಜಿ ಸಭೆಯ ಮುಂದೆ ಕೇಳಿದರು. ಆಕ್ಷೇಪಣೆ ಬಿದ್ದುಹೋಯಿತು. ತಾತ ಕಾರ್ಮಿಕರ ಸಾಲಿನಲ್ಲಿ ಕೂತಿದ್ದರಿಂದ ಅವರೂ ಸಹಿ ಹಾಕಲೇಬೇಕಾಯಿತು.

ಮಾರನೆಯ ದಿನವೇ ಮೊದಲ ಭಾನುವಾರ. ಅಂದು ಅಜ್ಜಿ ಬೇಕೆಂದೇ ಇಡ್ಲಿ ಮಾಡಿದರು, ಮನೆಯಲ್ಲಿದ್ದ ಅಷ್ಟೂ ಇಡ್ಲಿ ತಟ್ಟೆಗಳಲ್ಲಿ. ತಾತ ಪಂಚೆ ಮೇಲೆ ಕಟ್ಟಿ ಸಿಂಕಿನ ಮುಂದೆ ನಿಂತರು. ಪ್ರತಿ ನಾಲ್ಕು ಲೋಟಕ್ಕೊಮ್ಮೆ ವಿರಾಮ ಬೇಕೆಂದರು. ಅಜ್ಜಿ ಸೋಫಾದಲ್ಲಿ ಕಾಲು ಚಾಚಿ ಪೇಪರ್ ಓದುತ್ತಾ, ಒಪ್ಪಂದದಲ್ಲಿ ವಿರಾಮದ ಮಾತಿಲ್ಲ ಎಂದರು. ಒರೆಸುವ ಇಲಾಖೆ ನನ್ನದು. ಒಂದು ಲೋಟ ಒಡೆದೆ. ಕ್ರಾಸಿನ ಉಳಿದ ಅಡುಗೆಮನೆಗಳಿಂದಲೂ ಅಂಥದೇ ಸದ್ದು ಬರುತ್ತಿದ್ದುದರಿಂದ ನಮಗೆ ಧೈರ್ಯವಾಯಿತು.

ಸೋಮವಾರ ಬೆಳಿಗ್ಗೆ ಅಕ್ಕ ಬಂದಾಗ ಮಗಳು ಸಿಕ್ಕಳೇ ಎಂದು ಅಜ್ಜಿ ಕೇಳಿದರು.

"ಸಿಕ್ಕಿದ್ಲಮ್ಮಾ. ಗೇಟ್ ಮುಚ್ಚೋವರ್ಗೂ ಹೊರ್ಗಡೆ ಕಟ್ಟೆ ಮೇಲೆ ಕೂತಿದ್ವಿ. ನನ್ ಬಿಪಿ ನೋಡಿದ್ಲು."

ಆಮೇಲೆ ಅಕ್ಕ ಅಡುಗೆಮನೆಗೆ ಹೋಗಿ, ಸ್ಟ್ಯಾಂಡಿನಿಂದ ಒಂದು ಇಡ್ಲಿ ತಟ್ಟೆ ತೆಗೆದು ಬೆಳಕಿಗೆ ಹಿಡಿದು ನೋಡಿದರು. ತೂತುಗಳಲ್ಲಿ ನಿನ್ನೆಯ ಹಿಟ್ಟು ಹಾಯಾಗಿ ಒಣಗಿ ಕೂತಿತ್ತು. ಬಯ್ಯಲಿಲ್ಲ. ಹಾಲಿಗೆ ಬಂದು ಅದನ್ನು ತಾತನ ಪೇಪರಿನ ಮೇಲೆ ಇಟ್ಟರು.

"ಸಾರ್, ಇದು ಭಾನುವಾರದ್ದು."

ತಾತ ತಟ್ಟೆ ನೋಡಿದರು. ಅಜ್ಜಿಯನ್ನು ನೋಡಿದರು. ಎದ್ದು ಪಂಚೆ ಮೇಲೆ ಕಟ್ಟಿದರು.

"ಕ್ಲಾಸ್ ಚೆನ್ನಾಗಿ ತಗೊಂಡಿದೀಯಮ್ಮಾ," ಎಂದು ಗೊಣಗುತ್ತಾ ಸಿಂಕಿನ ಕಡೆ ನಡೆದರು. ಕಡ್ಡಿ ಹುಡುಕಿ ತರಲು ನನಗೆ ಹೇಳಿದರು, ತೂತು ಚುಚ್ಚಲಿಕ್ಕೆ.