ಅಮ್ಮನ ಹೂಂ

ನನ್ನ ಪಕ್ಕದ ಮೇಜಿನವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಬೋಗಾದಿಯ ನಮ್ಮ ಪುಟ್ಟ ಕಂಪನಿಯಲ್ಲಿ ಇಬ್ಬರೂ ಇಂಟರ್‌ನೆಟ್ ಮೂಲಕ ಮಾತಾಡುವ ಆ್ಯಪ್ ರೂಪಿಸುತ್ತಿದ್ದೆವು. ಅವಳು ಟೀ ಕುಡಿಯುತ್ತಾ ಮುಗಿಸುವ ಕೆಲಸಕ್ಕೆ ನಾನು ಊಟ ಬಿಡಬೇಕಿತ್ತು.

ಸ್ಪೀಕರ್ ಹಾಕಿಕೊಂಡರೆ ಆಚೆಯವರ ದನಿ ನಮ್ಮ ಮೈಕಿಗೆ ನುಗ್ಗಿ ಅವರಿಗೇ ವಾಪಸ್ ಕೇಳಿಸುತ್ತದೆ. ಅದನ್ನು ತೆಗೆಯಲು ಇಬ್ಬರೂ ಒಂದೊಂದು ದಾರಿ ಹುಡುಕಿದೆವು. ನನ್ನದರಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕು ಮುಚ್ಚಿಕೊಳ್ಳುತ್ತಿತ್ತು. ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕಟ. ಅವಳದು ವಾಪಸಾದ ದನಿಯನ್ನಷ್ಟೇ ಕಳೆದು ಉಳಿದದ್ದನ್ನು ಬಿಡುತ್ತಿತ್ತು. ಆಗೀಗ ಗುಂಯ್ ಅನ್ನುತ್ತಿತ್ತು, ಅನ್ನುವಾಗಲೆಲ್ಲ ನನಗೆ ಹಾಲು ಕುಡಿದಷ್ಟು ಸಂತೋಷ. ಯಾರದು ಆಯ್ಕೆಯಾಗುತ್ತದೋ ಅವರೇ ತಂಡದ ಮುಖ್ಯಸ್ಥರು, ಮೊದಲು ಎರಡನ್ನೂ ಮನೆಯವರ ಕೈಗೆ ಕೊಟ್ಟು ನೋಡಿ ಎಂದರು ಮ್ಯಾನೇಜರ್.

ಯಾವುದು ಯಾರದೆಂದು ಹೇಳದೆ ಅಮ್ಮನ ಫೋನಿಗೆ ಎರಡನ್ನೂ ಹಾಕಿಕೊಟ್ಟೆ. ಸಿದ್ಧಾರ್ಥನಗರದ ಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಅಮ್ಮ ದಿನವೂ ರಾಮಕೃಷ್ಣನಗರದ ಚಿಕ್ಕಮ್ಮನ ಜೊತೆ ಸ್ಪೀಕರಿನಲ್ಲಿ ಮಾತಾಡುತ್ತಾರೆ, ಹಾಗಾಗಿ ಚಿಕ್ಕಮ್ಮನ ಫೋನಿಗೂ ಎರಡನ್ನೂ ಹಾಕಿದೆ. ವಾರ ಕಳೆದ ಮೇಲೆ ಕೇಳಿದೆ.

"ಮೊದಲನೇದು ಬೇಡ ಕಣೋ," ಅಂದರು. ಮೊದಲನೆಯದು ನನ್ನದು. "ನಾನು ಹೇಳ್ತಾನೇ ಇದೀನಿ, ನಿಮ್ ಚಿಕ್ಕಮ್ಮ ಒಂದು ಹೂಂ ಅನ್ನಲ್ಲ. ಸಿಟ್ಟು ಮಾಡ್ಕೊಂಡ್ಳೇನೋ ಅಂತ ಮಾತೇ ನಿಲ್ಲಿಸ್ಬುಟ್ಟೆ. ಇನ್ನೊಂದ್ರಲ್ಲಿ ಪಕ್ಕದಲ್ಲೇ ಕೂತಂಗಿತ್ತು."

ಚಿಕ್ಕಮ್ಮ ಹೂಂಗುಟ್ಟಿದ್ದರು, ಪಾಪ. ಅವರ ಬಾಯಿ ಮುಚ್ಚಿಸಿದ್ದು ನನ್ನ ಚೊಕ್ಕಟತನ. ನಮ್ಮಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುತ್ತಾರೆಂದು ನಂಬಿದ್ದೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮಮ್ಮನಿಗೆ ಅವಳ ಹೆಗ್ಗಣ ಮುದ್ದಾಯಿತು.

ಮೀಟಿಂಗಿನಲ್ಲಿ ಅವಳೇ ಕೇಳಿದಳು: "ನಿಮ್ಮ ತಾಯಿ ಏನಂದ್ರು?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಅಮ್ಮ ಮಾತು ನಿಲ್ಲಿಸಿ ಕೂತದ್ದು ನೆನಪಾಗಿ ನುಂಗಿಕೊಂಡೆ. "ನಿಮ್ಮದೇ ಚೆನ್ನಾಗಿದೆಯಂತೆ," ಅಂದೆ. ಅವಳು ಮುಖ್ಯಸ್ಥೆಯಾದಳು. ಎಲ್ಲರಿಗೂ ಮೈಸೂರು ಪಾಕ್ ಹಂಚಿದಳು, ನನಗೆ ಎರಡು ತುಂಡು ಕೊಟ್ಟಳು. ಅದೂ ಚೆನ್ನಾಗಿತ್ತು, ಹಾಳಾದ್ದು.

ಸಂಜೆ ಆಫೀಸಿನ ತಾರಸಿ ಹತ್ತಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಇಟ್ಟುಕೊಂಡಿದ್ದು ಅವಳ ಆ್ಯಪ್ ಒಂದನ್ನೇ, ನಾನೂ ಅದರಲ್ಲೇ ಮಾಡಬೇಕಾಯಿತು.

"ಅವಳೇ ಗೆದ್ಲು ಅಮ್ಮ. ಹೊಟ್ಟೆ ಉರೀತಿದೆ."

"ಹೂಂ."

ಎಲ್ಲವನ್ನೂ ಹೇಳಿಕೊಂಡೆ, ಮೈಸೂರು ಪಾಕಿನವರೆಗೂ. ನನ್ನ ಮಾತಿನ ನಡುನಡುವೆ ಅಮ್ಮ ಹೂಂ ಅನ್ನುತ್ತಲೇ ಇದ್ದರು. ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿತ್ತು. ಮನಸ್ಸು ಹಗುರವಾಯಿತು. ಅದನ್ನೂ ಅವಳೇ ತಂದುಕೊಟ್ಟಳಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.