ಅವ್ವ ತೆಗೆದ ಕರೆಂಟು

ನನ್ನದು ಯಾರಿಗೂ ಇಷ್ಟವಾಗದ ಕೆಲಸ. ಕೋಲ್ಕತ್ತದ ನಡುಮಧ್ಯದ ಹಳೆಯ ಕಚೇರಿಗಳಿಗೆ ಹೋಗಿ, ಎಷ್ಟು ಕರೆಂಟು ಉರಿಯುತ್ತಿದೆ, ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತಿದೆ ಎಂದು ಲೆಕ್ಕ ಹಾಕಬೇಕು. "ಎಸಿ ಹಾಕಿಕೊಂಡು ಕಿಟಕಿ ಯಾಕೆ ತೆರೆದಿದ್ದೀರಿ?" ಎಂದು ಕೇಳಿದರೆ ಚಹಾ ತರಿಸುತ್ತಾರೆ, ಮುಖ ಕೊಟ್ಟು ಮಾತಾಡುವುದಿಲ್ಲ.

ನಾನು ಬೆಳೆದದ್ದೇ ಕರೆಂಟಿಲ್ಲದ ಸಂಜೆಗಳಲ್ಲಿ. ಅಪ್ಪನಿಗೆ ರೈಲ್ವೆ ನೌಕರಿ. ಧಾರವಾಡದಿಂದ ಕೋಲ್ಕತ್ತಕ್ಕೆ ಬಂದು ಇಲ್ಲಿನ ಧರ್ಮತಲಾದ ಹಿಂದಿನ ಗಲ್ಲಿಯಲ್ಲಿ ಮನೆ ಮಾಡಿದೆವು. ಅಪ್ಪ ಹೋದ ಮೇಲೂ ಅವ್ವ, ನಾನು ಅಲ್ಲೇ ಇದ್ದೇವೆ. ಆಗೆಲ್ಲ ಹೊತ್ತು ಮುಳುಗಿದರೆ ಲೋಡ್‌ಶೆಡಿಂಗ್. ಇಡೀ ಕಟ್ಟಡ ಚಾಪೆ ಹಿಡಿದುಕೊಂಡು ತಾರಸಿ ಹತ್ತುತ್ತಿತ್ತು. ಅವ್ವ ಚುರುಮುರಿಗೆ ನಮ್ಮ ಕಡೆಯ ಒಗ್ಗರಣೆ ಹಾಕಿ ಡಬರಿ ತುಂಬ ತರುತ್ತಿದ್ದಳು. ಕೆಳಗಿನ ಮಹಡಿಯ ಬಂಗಾಳಿ ಹೆಂಗಸು, ನಾವೆಲ್ಲ ಮಾಶೀಮಾ ಎಂದು ಕರೆಯುತ್ತಿದ್ದವಳು, ಅದರ ಮೇಲೆ ಹಸಿ ಸಾಸಿವೆ ಎಣ್ಣೆ ಸುರಿದುಬಿಡುತ್ತಿದ್ದಳು. ಅವ್ವನಿಗೆ ಬಂಗಾಳಿ ಬಾರದು, ಆಕೆಗೆ ಕನ್ನಡ ಬಾರದು. ಜಗಳ ಮಾತ್ರ ಇಬ್ಬರಿಗೂ ಸೊಗಸಾಗಿ ಬರುತ್ತಿತ್ತು. ಆ ಸೆಖೆ, ಆ ಸೊಳ್ಳೆ, ಆ ನಗು ನನಗೆ ಇವತ್ತಿಗೂ ಬೇಕು.

ಈಗ ಕರೆಂಟು ಹೋಗುವುದೇ ಅಪರೂಪ. ಮನೆಮನೆಗೂ ಎಸಿ ಬಂತು, ಬಾಗಿಲು ಮುಚ್ಚಿದವು. ಮಾಶೀಮಾಳ ಮೊಣಕಾಲು ಕೈಕೊಟ್ಟು ಆಕೆ ಮೇಲೆ ಬರುವುದೂ ನಿಂತಿತು. ಅವ್ವನಿಗೆ ಸೆಖೆ ತಡೆಯದೆಂದು ನಾನೇ ಎಸಿ ಹಾಕಿಸಿದೆ. ಆ ತಂಪಿನಲ್ಲಿ ಕುಳಿತು ಅವಳು ದಿನಾ ಸಂಜೆ ಕೇಳುತ್ತಿದ್ದಳು: "ಇವತ್ತರ ಕರೆಂಟ್ ಹೋಗತೈತೇನ?"

"ಎಲ್ಲಾರೂ ಬರ್ಲಿ ಅಂತಾರ, ನೀ ಒಬ್ಬಾಕಿ ಹೋಗ್ಲಿ ಅಂತಿ!" ಎಂದು ನಾನು ಸಿಡುಕುತ್ತಿದ್ದೆ.

ಈ ಬೇಸಿಗೆಯಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಗಲ್ಲಿಗೆ ತಿರುಗಿದರೆ ಎಲ್ಲ ಕಿಟಕಿಗಳೂ ಝಗಝಗ, ನಮ್ಮದೊಂದೇ ಕತ್ತಲೆ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ಮನೆಯಲ್ಲಿ ಅವ್ವ ಇಲ್ಲ. ಮೇನ್ ಸ್ವಿಚ್ ಕೆಳಗಿಳಿದಿತ್ತು, ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ ಇನ್ನೂ ಇತ್ತು.

ತಾರಸಿಗೆ ಓಡಿದೆ. ಅಲ್ಲಿ ಎಲ್ಲರ ಮನೆಯ ಎಸಿ ಯಂತ್ರಗಳು ಬಿಸಿಗಾಳಿ ಉಗುಳುತ್ತಿದ್ದವು. ಅವುಗಳ ನಡುವೆ ಅವ್ವ ಚಾಪೆ ಹಾಸಿಕೊಂಡು ಬೆವರುತ್ತ ಕುಳಿತಿದ್ದಳು, ಪಕ್ಕದಲ್ಲಿ ಡಬರಿ.

"ಏನಬೇ ಇದು?"

"ಕರೆಂಟ್ ತಗದೇನಿ. ಯಾರೂ ಬರವಲ್ರು."

"ನೀ ತಗದದ್ದು ನಮ್ಮನೀದಷ್ಟ. ಅವರದೆಲ್ಲಾ ಐತೆಲ್ಲ!"

ಅವ್ವ ಗಲ್ಲಿಯ ಬೆಳಕನ್ನು ನೋಡಿದಳು. "ಗೊತ್ತೈತಿ. ನಮ್ಮನಿ ಕತ್ತಲಿ ನೋಡಿ ಒಬ್ಬರರ ಮ್ಯಾಲ ಬಂದಾರು ಅಂತ."

ನನಗೆ ಅಳು ಬಂತು. ಅವಳ ಮುಂದೆ ಅಳಲಾರದೆ ಕೆಳಗಿಳಿದು ಮಾಶೀಮಾಳ ಬಾಗಿಲು ತಟ್ಟಿದೆ. ತೆರೆದ ಬಾಗಿಲಿಂದ ತಣ್ಣನೆ ಗಾಳಿ ಬಂತು. ಒಳಗೆ ಟಿವಿ ಹಾಡುತ್ತಿತ್ತು.

"ಲೋಡ್‌ಶೆಡಿಂಗ್, ಮಾಶೀಮಾ," ಎಂದು ಬಂಗಾಳಿಯಲ್ಲಿ ಹೇಳಿದೆ. "ಅವ್ವ ಮೇಲೆ ಕಾಯುತ್ತಿದ್ದಾಳೆ."

ಆಕೆ ತನ್ನ ತಲೆಯ ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟನ್ನು ನೋಡಿದಳು. ನನ್ನ ಮುಖ ನೋಡಿದಳು. ಒಳಗೆ ಹೋಗಿ ಟಿವಿ, ಎಸಿ, ದೀಪ ಎಲ್ಲ ಆರಿಸಿ ಬಂದು, ಗೋಡೆ ಹಿಡಿದುಕೊಂಡು ನರಳುತ್ತ ಮೆಟ್ಟಿಲು ಹತ್ತತೊಡಗಿದಳು. ಇನ್ನೊಂದು ಕೈಯಲ್ಲಿ ಸಾಸಿವೆ ಎಣ್ಣೆಯ ಶೀಶೆ ಇತ್ತು.